ಚಳ್ಳಕೆರೆಯ ಶಾಸ್ತ್ರಿಗಳ ಸಹಿ

ಮೊಳಕಾಲ್ಮೂರು
೧೯ ಜೂನ್ ೧೯೧೧

ಚಳ್ಳಕೆರೆಯ ಬ್ರಹ್ಮಶ್ರೀ ಅಹೋಬಲ ಶಾಸ್ತ್ರಿಗಳವರ ಸನ್ನಿಧಿಗೆ,

ಮೊಳಕಾಲ್ಮೂರಿನ ಶಾಲೆಯ ಉಪಾಧ್ಯಾಯ ಸೂರಪ್ಪ ಮಾಡುವ ನಮಸ್ಕಾರಗಳು.

ಹೋದ ಸೋಮವಾರ ತಮ್ಮ ಜಗುಲಿಯ ಕೆಳಗೆ ಬಿಸಿಲಿನಲ್ಲಿ ನಿಂತು, ತಮ್ಮ ಪೂಜೆ ಮುಗಿಯುವವರೆಗೆ ಕಾದು, ಎರಡು ಮಾತಾಡಿ ಹಿಂದಿರುಗಿದವನು ನಾನೇ. ತಾವು ನನ್ನನ್ನು ಮರೆತಿರಬಹುದು. ತಾವು ಆಡಿದ ಮಾತನ್ನು ನಾನು ಮರೆತಿಲ್ಲ. "ನಾಯಕರ ಹುಡುಗನಿಗೆ ಸಂಸ್ಕೃತ ಯಾತಕ್ಕಪ್ಪಾ? ದನಗಳು ಯಾವ ವಿಭಕ್ತಿಯಲ್ಲಿ ಕರೆದರೂ ಬರುತ್ತವೆ" ಎಂದಿರಿ. ಜಗುಲಿಯ ಮೇಲಿದ್ದವರೆಲ್ಲ ನಕ್ಕರು. ಯಾತಕ್ಕೆ ಎಂದು ಕೇಳಿದವರು ಉತ್ತರಕ್ಕೆ ನಿಲ್ಲದೆ ಒಳಗೆ ಹೋದಿರಿ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಾನು ಕೊಂಡ್ಲಹಳ್ಳಿಯ ದೊಡ್ಡಪಾಲಯ್ಯನ ಮಗ. ಮ್ಯಾಸನಾಯಕರು ನಾವು, ಹೊಲವೂ ಉಂಟು, ದನವೂ ಉಂಟು. ಬೆಂಗಳೂರಿನ ಕಾಲೇಜಿನಲ್ಲಿ ಗಣಿತ ಓದಿದೆ. ಅಲ್ಲಿದ್ದ ಇಂಗ್ಲಿಷ್ ಪ್ರೊಫೆಸರರು ನನ್ನ ಉತ್ತರಪತ್ರಿಕೆಗಳನ್ನು, ಕೇಂಬ್ರಿಡ್ಜಿನಲ್ಲಿ ಅವರು ಹಿಂದೆ ಓದಿದ್ದ ಕಾಲೇಜಿಗೆ ಕಳುಹಿಸಿದರು. ಮುಂದಿನ ವರ್ಷದ ಅಕ್ಟೋಬರಿಗೆ ನನಗೆ ಜಾಗ ಕೊಡಲು ಆ ಕಾಲೇಜಿನವರು ಸಿದ್ಧರಿದ್ದಾರೆ. ಖರ್ಚನ್ನು ದರ್ಬಾರಿನ ವಿದ್ಯಾರ್ಥಿವೇತನ ನೋಡಿಕೊಳ್ಳುತ್ತದೆ. ಆದರೆ ಅಲ್ಲಿಗೆ ಹೋದ ಕೂಡಲೇ ಒಂದು ಪ್ರವೇಶ ಪರೀಕ್ಷೆ ಕೊಡಬೇಕು. ಗಣಿತ ಎಷ್ಟೇ ಬರಲಿ, ಎರಡು ಪ್ರಾಚೀನ ಭಾಷೆಗಳಲ್ಲಿ ತೇರ್ಗಡೆಯಾಗದವನನ್ನು ಅವರು ಒಳಗೆ ಬಿಡುವುದಿಲ್ಲ. ಒಂದು ಲ್ಯಾಟಿನ್, ಇನ್ನೊಂದು ಗ್ರೀಕ್. ನಮ್ಮಂಥ ಏಷ್ಯಾದವರಿಗೆ ಮಾತ್ರ ಒಂದು ರಿಯಾಯಿತಿ: ಗ್ರೀಕಿನ ಬದಲು ಸಂಸ್ಕೃತ ಬರೆಯಬಹುದು. ಕಾಲೇಜಿನವರ ಕಾಗದದಲ್ಲಿ "ನಿಮ್ಮದೇ ಭಾಷೆಯಾದ ಸಂಸ್ಕೃತ" ಎಂದೇ ಇದೆ.

ಲ್ಯಾಟಿನನ್ನು ಬೆಂಗಳೂರಿನ ಪಾದ್ರಿಯೊಬ್ಬರು ಕಲಿಸಿದರು. ಅವರು ನನ್ನ ಜಾತಿ ಕೇಳಲಿಲ್ಲ, ತಮ್ಮ ಮತಕ್ಕೆ ಬಾ ಎಂದೂ ಕರೆಯಲಿಲ್ಲ. ತಡವಾಗಿ ಹೋದರೆ ಬೈಯುತ್ತಿದ್ದರು, ಅಷ್ಟೆ. ಪರದೇಶದ ಭಾಷೆ ಹೀಗೆ ಕುರ್ಚಿಯ ಮೇಲೆ ಕುಳಿತು ನನಗೆ ಬಂತು. ಸಮುದ್ರದಾಚೆಯವರು "ನಿನ್ನದು" ಎನ್ನುವ ಭಾಷೆಯನ್ನು ಕೇಳಲು ಹೋದರೆ ನನ್ನ ಊರಿನ ಪಕ್ಕದಲ್ಲೇ ನಗೆಪಾಟಲಾದೆ. ಇದು ನ್ಯಾಯವೆಂದು ತಮ್ಮ ಯಾವ ಶಾಸ್ತ್ರ ಹೇಳುತ್ತದೆಯೋ ತಿಳಿಸಬೇಕು.

ಇಂತು,
ವಿದ್ಯಾರ್ಥಿಃ ಸೂರಪ್ಪಃ


ಚಳ್ಳಕೆರೆ
೩ ಜುಲೈ ೧೯೧೧

ಚಿ. ಸೂರಪ್ಪನಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ನನ್ನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣಿಸುವುದಿಲ್ಲ. ಮಗಳು ಜಗದಾಂಬ ಓದಿದಳು. ನಾನು ಹೇಳುವುದನ್ನು ಅವಳೇ ಬರೆಯುತ್ತಿದ್ದಾಳೆ.

ಅರವತ್ತು ದಾಟಿದ ಮುದುಕನಿಗೆ ಹೀಗೆ ಬರೆಯುವುದನ್ನು ನಿನಗೆ ಯಾರು ಕಲಿಸಿದರು? ಆ ಪಾದ್ರಿಯೋ? ಜಗುಲಿಯ ಮೇಲೆ ಹತ್ತು ಜನ ಇರುವಾಗ ತಮಾಷೆಗೆ ಆಡಿದ ಮಾತನ್ನು ಗಂಟು ಕಟ್ಟಿಕೊಂಡು ಮೊಳಕಾಲ್ಮೂರಿಗೆ ಒಯ್ದಿದ್ದೀಯ.

ನಿನ್ನಲ್ಲಿ ದೋಷವಿದೆಯೆಂದು ನಾನು ಹೇಳುವುದಿಲ್ಲ. ನನ್ನ ಮನೆಯ ಪಾಠಶಾಲೆಯಲ್ಲಿ ಬ್ರಾಹ್ಮಣರ ಹುಡುಗರು ವೇದ ಓದುತ್ತಾರೆ. ಅವರ ತಂದೆಯರು ನನ್ನನ್ನು ನಂಬಿ ಬಿಟ್ಟಿದ್ದಾರೆ. ಇಂದು ನೀನು ಜಗುಲಿ ಹತ್ತಿ ಕುಳಿತರೆ ನಾಳೆ ಅವರಲ್ಲಿ ಒಬ್ಬನೂ ಉಳಿಯುವುದಿಲ್ಲ. ಆದ್ದರಿಂದ ಆಗುವುದಿಲ್ಲ. ಇನ್ನು ಬರೆಯಬೇಡ.

ಮುಗಿಸುವ ಮೊದಲು ಒಂದು ಮಾತು. ವಿದ್ಯಾರ್ಥಿಃ ಎಂಬ ರೂಪ ಯಾವ ಕಾಲಕ್ಕೂ ಇರಲಿಲ್ಲ. ವಿದ್ಯಾರ್ಥಿನ್ ಎಂಬುದು ನಕಾರಾಂತ ಶಬ್ದ. ವಿದ್ಯಾರ್ಥೀ, ವಿದ್ಯಾರ್ಥಿನೌ, ವಿದ್ಯಾರ್ಥಿನಃ. ಉಳಿದ ವಿಭಕ್ತಿಗಳನ್ನು ಬೇರೆ ಹಾಳೆಯಲ್ಲಿ ಬರೆಸಿ ಇಟ್ಟಿದ್ದೇನೆ. ಇದು ಪಾಠವಲ್ಲ. ತಪ್ಪು ಕಿವಿಗೆ ಬಿದ್ದರೆ ನನಗೆ ಅನ್ನ ಸೇರುವುದಿಲ್ಲ, ಅದಕ್ಕಾಗಿ.

ಅಹೋಬಲ ಶಾಸ್ತ್ರಿ


ಮೊಳಕಾಲ್ಮೂರು
೧೧ ಜುಲೈ ೧೯೧೧

ಪೂಜ್ಯ ಶಾಸ್ತ್ರಿಗಳಿಗೆ ನಮಸ್ಕಾರಗಳು.

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ.

ತಮ್ಮ ಕಾಗದವನ್ನು ಕೊಂಡ್ಲಹಳ್ಳಿಗೆ ಹೋದಾಗ ನಮ್ಮವ್ವ ಯರ್ರಮ್ಮನಿಗೆ ಓದಿ ಹೇಳಿದೆ. ನಮ್ಮ ಮನೆಯಲ್ಲಿ ತೆಲುಗು, ಕನ್ನಡ ಎರಡೂ ಬೆರೆತು ಬರುತ್ತವೆ. ಸಿಟ್ಟು ಬಂದರೆ ಮಾತ್ರ ಅವ್ವ ಕನ್ನಡಕ್ಕೆ ತಿರುಗುತ್ತಾಳೆ. "ಆ ಸಾಮಿ ಬ್ಯಾಡ ಅಂದ ಮ್ಯಾಲೆ ಯಾಕ್ಲೇ ಅವರ ಬಾಗ್ಲಿಗೆ ಬೀಳ್ತೀಯಾ? ನಮಗೇನು ಮರ್ವಾದಿ ಇಲ್ವಾ?" ಎಂದಳು. ನಾನಾಗ ತಾವು ಕಳುಹಿಸಿದ ವಿಭಕ್ತಿಗಳ ಹಾಳೆಯನ್ನು ಬಾಯಿಪಾಠ ಮಾಡುತ್ತಾ ಕುಳಿತಿದ್ದೆ.

ತಪ್ಪು ಕಿವಿಗೆ ಬಿದ್ದರೆ ಅನ್ನ ಸೇರುವುದಿಲ್ಲ ಎಂದಿದ್ದೀರಿ. ಇದರೊಂದಿಗೆ ನಾನು ಪುಸ್ತಕ ನೋಡಿ ಕಲಿತಷ್ಟು ಸಂಸ್ಕೃತದಲ್ಲಿ ಬರೆದ ಒಂದು ಪುಟವಿದೆ. ನಮ್ಮ ಊರು, ದನ, ಹೊಲ, ಶಾಲೆ ಇವುಗಳ ಮೇಲೆ ಬರೆದದ್ದು. ತಮ್ಮ ಊಟ ಕೆಡಿಸುವಷ್ಟು ತಪ್ಪು ಇದರಲ್ಲಿದೆ ಎಂದು ಭರವಸೆ ಕೊಡಬಲ್ಲೆ.

ಇಂತು,
ವಿದ್ಯಾರ್ಥೀ ಸೂರಪ್ಪಃ


ಚಳ್ಳಕೆರೆ
೨ ಆಗಸ್ಟ್ ೧೯೧೧

ಚಿ. ಸೂರಪ್ಪನಿಗೆ ಆಶೀರ್ವಾದಗಳು.

ಜಗದಾಂಬ ನಿನ್ನ ಪುಟವನ್ನು ಓದುತ್ತಾ ಹೋದಂತೆ ನಾನು ತಲೆ ಹಿಡಿದುಕೊಂಡೆ. ಹಸುವನ್ನು ಪುಲ್ಲಿಂಗ ಮಾಡಿದ್ದೀಯ, ಹೊಲವೇ ಎದ್ದು ನಡೆಯುವಂತೆ ಬರೆದಿದ್ದೀಯ, ನಿಮ್ಮ ತಂದೆ ದನ ಕಾಯುವುದರ ಬದಲು ದನಗಳೇ ಅವರನ್ನು ಕಾಯುತ್ತಿವೆ. ತಿದ್ದಿ ಕಳುಹಿಸಿದ್ದೇನೆ. ಪುಟ ತುಂಬ ಕೆಂಪಾಗಿದೆಯೆಂದು ಜಗದಾಂಬ ಹೇಳುತ್ತಾಳೆ. ಆದರೂ ವಾಕ್ಯ ಕಟ್ಟುವ ಧೈರ್ಯ ನಿನಗಿದೆ. ನನ್ನ ಹುಡುಗರಿಗೆ ಅದಿಲ್ಲ. ಅವರು ಕಂಠಪಾಠ ಒಪ್ಪಿಸುತ್ತಾರೆ, ತಾವಾಗಿ ಒಂದು ಮಾತು ಕಟ್ಟು ಎಂದರೆ ಮುಖ ನೋಡುತ್ತಾರೆ.

ವಾರಕ್ಕೊಂದು ಪುಟ ಕಳುಹಿಸು. ಲಕೋಟೆಯ ಮೇಲೆ ನಿನ್ನ ಹೆಸರು ಬರೆಯಬೇಡ. ಟಪಾಲಿನವನು ಬೀದಿಯಲ್ಲಿ ಕೂಗಿ ಕೊಡುವ ಅಭ್ಯಾಸದವನು.

ಮುಂದಿನ ಪುಟಕ್ಕೆ ದ್ವಿವಚನ ಕಲಿತಿರಬೇಕು. ನಿನ್ನ ಇಂಗ್ಲಿಷಿನಲ್ಲಿ ಅದಿಲ್ಲ, ಕನ್ನಡದಲ್ಲೂ ಇಲ್ಲ. ಇಬ್ಬರೆಂದರೆ ಒಬ್ಬನೂ ಅಲ್ಲ, ಬಹಳ ಜನವೂ ಅಲ್ಲ. ಗುರುಶಿಷ್ಯೌ ಎಂದರೆ ಗುರು ಒಬ್ಬ, ಶಿಷ್ಯ ಒಬ್ಬ. ಪದ ಮಾತ್ರ ಒಂದೇ. ಉದಾಹರಣೆಗೆ ಹೇಳಿದೆ, ಬೇರೆ ಅರ್ಥ ಹಚ್ಚಬೇಡ.

ಅಹೋಬಲ ಶಾಸ್ತ್ರಿ


ಮೊಳಕಾಲ್ಮೂರು
೨೦ ನವೆಂಬರ್ ೧೯೧೧

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಹಾಗೆ ಕರೆಯಬೇಡ ಎಂದು ಹಿಂದಿನ ಕಾಗದದಲ್ಲಿ ಬರೆಸಿದ್ದಿರಿ. ಬೇರೆ ಏನೆಂದು ಕರೆಯಬೇಕೋ ಬರೆಸಲಿಲ್ಲ.

ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು ಲ್ಯಾಟಿನ್, ಸಂಜೆ ಸಂಸ್ಕೃತ, ಭಾನುವಾರ ಇಂಗ್ಲಿಷ್ ಪ್ರಬಂಧ, ಹೀಗೆ ನಡೆದಿದೆ. ಪ್ರೊಫೆಸರರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಳುಹಿಸಿದ್ದಾರೆ. ಶಾಲೆಯ ಗಡಿಯಾರವನ್ನು ಮುಂದಿಟ್ಟುಕೊಂಡು ಪರೀಕ್ಷೆಯಲ್ಲಿ ಕುಳಿತಂತೆ ಬರೆಯುತ್ತೇನೆ. ಅಲ್ಲಿ ಬರೀ ನೆನಪಿಟ್ಟುಕೊಂಡದ್ದನ್ನು ಬರೆದರೆ ಮೆಚ್ಚುವುದಿಲ್ಲವಂತೆ, ಕಾಣದ ಪುಟವೊಂದನ್ನು ಮುಂದಿಟ್ಟು ಇದರ ಅರ್ಥ ಬಿಡಿಸು ಎನ್ನುತ್ತಾರಂತೆ. ತಾವು ಕಂಠಪಾಠವನ್ನು ಬೈದದ್ದು ನೆನಪಾಯಿತು.

ಒಂದು ವಿಚಿತ್ರ ಹೇಳಬೇಕು. ಲ್ಯಾಟಿನಿನಲ್ಲಿ ಬೆಂಕಿಗೆ ಇಗ್ನಿಸ್ ಎನ್ನುತ್ತಾರೆ. ತಂದೆಗೆ ಪಾಟೆರ್, ತಾಯಿಗೆ ಮಾಟೆರ್. ಅಗ್ನಿ, ಪಿತೃ, ಮಾತೃ ಬರೆದು ಪಕ್ಕದಲ್ಲಿ ಇವನ್ನು ಬರೆದು ನೋಡಿದೆ. ನಮ್ಮವ್ವನಿಗೆ ಹೇಳಿದರೆ "ಬೆಂಕಿ ಎಲ್ಲಾ ಕಡೆ ಒಂದೇ ಅಲ್ವೇನ್ಲೇ" ಎಂದು ಒಲೆ ಊದಿದಳು.

ವಿದ್ಯಾರ್ಥೀ ಸೂರಪ್ಪಃ


ಚಳ್ಳಕೆರೆ
೪ ಡಿಸೆಂಬರ್ ೧೯೧೧

ಚಿ. ಸೂರಪ್ಪನಿಗೆ ಆಶೀರ್ವಾದಗಳು.

ಇಗ್ನಿಸ್! ರೋಮಿನವರಿಗೆ ನಮ್ಮ ಅಗ್ನಿಯನ್ನು ಕೊಟ್ಟವರು ಯಾರು? ಯಾವಾಗ ಕೊಟ್ಟರು? ಜಗದಾಂಬಳಿಂದ ಆ ಸಾಲನ್ನು ಮತ್ತೆ ಮತ್ತೆ ಓದಿಸಿದೆ. ಪಾಠಶಾಲೆಯ ಹುಡುಗರಿಗೂ ಹೇಳಿದೆ. "ಯಾರು ಹೇಳಿದರು ಗುರುಗಳೇ?" ಎಂದು ಒಬ್ಬ ಕೇಳಿದ. ಎಲ್ಲೋ ಓದಿದ್ದೆ ಎಂದೆ.

ಇಂಥ ಶಬ್ದಗಳು ಇನ್ನೂ ಎಷ್ಟಿವೆ? ಎಲ್ಲವನ್ನೂ ಬರೆದು ಕಳುಹಿಸು. ಕ್ರಿಯಾಪದಗಳೂ ಇದ್ದಾವೆಯೇ? ನಿನ್ನ ಈ ಸಲದ ಪುಟದಲ್ಲಿ ತಪ್ಪುಗಳು ಕಡಮೆ. ಸಂಧಿ ಬಿಡಿಸುವಾಗ ಅವಸರ ಮಾಡುತ್ತೀಯ.

ಅಹೋಬಲ ಶಾಸ್ತ್ರಿ


ಮೊಳಕಾಲ್ಮೂರು
೧೬ ಜನವರಿ ೧೯೧೨

ಶಾಸ್ತ್ರಿಗಳಿಗೆ,

ಈ ಕಾಗದವನ್ನು ಬೇರೆ ರೀತಿ ಶುರು ಮಾಡಲು ಮನಸ್ಸು ಬರಲಿಲ್ಲ.

ನಮ್ಮ ಅಕ್ಕ ಚಿನ್ನಕ್ಕನನ್ನು ಚಳ್ಳಕೆರೆಗೇ ಕೊಟ್ಟಿದೆ. ನಾಯಕರ ಕೇರಿಯಲ್ಲಿ ಮನೆ. ಸಂಕ್ರಾಂತಿಗೆ ಅವಳಲ್ಲಿಗೆ ಬಂದಿದ್ದೆ. ಸಂತೆಯಲ್ಲಿ ತಾವು ಹುಡುಗನೊಬ್ಬನ ಹೆಗಲು ಹಿಡಿದು ಬರುತ್ತಿದ್ದುದನ್ನು ಕಂಡೆ. ಓಡಿ ಬಂದು ಕೈ ಮುಗಿದೆ. ತಮಗೆ ಕಾಣಲಿಲ್ಲವೆಂದು "ನಾನು ಸೂರಪ್ಪ ಸ್ವಾಮಿ, ಮೊಳಕಾಲ್ಮೂರಿನವನು" ಎಂದೆ. ತಮ್ಮ ಜೊತೆ ಶಾನುಭೋಗರು ಇದ್ದರು. ತಾವು ನಿಂತಿರಿ. ನನ್ನ ದನಿಯ ಕಡೆಗೆ ಮುಖ ತಿರುಗಿಸಿದಿರಿ. ಆಮೇಲೆ "ಯಾವ ಸೂರಪ್ಪ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ನಡೆದಿರಿ.

ಚಿನ್ನಕ್ಕ ಬುಟ್ಟಿ ಹಿಡಿದುಕೊಂಡು ನನ್ನ ಹಿಂದೆಯೇ ಇದ್ದಳು. "ಅಯ್ಯೋ ತಮ್ಮಾ, ವಾರವಾರ ಕಾಗದ ಬರೀತಾರೆ ಅಂತಿದ್ದೆಲ್ಲೋ, ಆ ಸಾಮಿಗೆ ನಿನ್ ಗುರುತೇ ಇಲ್ವಲ್ಲ!" ಎಂದಳು. ನಾನು ಸುಳ್ಳು ಹೇಳಿಕೊಂಡು ತಿರುಗುತ್ತೇನೆಂದು ಅವಳಿಗೆ ಅನ್ನಿಸಿತು. ಅದನ್ನು ಅವಳ ಮುಖದಲ್ಲಿ ನೋಡಿದೆ.

ಈ ವಾರದ ಪುಟ ಇದರಲ್ಲಿದೆ. ಪರೀಕ್ಷೆಯ ವರ್ಷ ಬಂದಿತು, ಇಲ್ಲದಿದ್ದರೆ ಕಳುಹಿಸುತ್ತಿರಲಿಲ್ಲ.

ಸೂರಪ್ಪ


ಚಳ್ಳಕೆರೆ
೨೯ ಜನವರಿ ೧೯೧೨

ಚಿ. ಸೂರಪ್ಪನಿಗೆ,

ಪುಟ ತಿದ್ದಿದೆ. ಎರಡೇ ತಪ್ಪು. ಮುಂದಿನ ವಾರದ ಪುಟ ಕಳುಹಿಸು.

ಅಹೋಬಲ ಶಾಸ್ತ್ರಿ


ಮೊಳಕಾಲ್ಮೂರು
೧೮ ಮಾರ್ಚ್ ೧೯೧೨

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಕೇಂಬ್ರಿಡ್ಜಿನಿಂದ ಕಾಗದ ಬಂದಿದೆ. ನಾನು ಆಗಸ್ಟಿನಲ್ಲಿ ಬೊಂಬಾಯಿಯಲ್ಲಿ ಹಡಗು ಹತ್ತಬೇಕು. ಅದಕ್ಕೆ ಮೊದಲು ಎರಡು ಪ್ರಮಾಣಪತ್ರಗಳು ಅವರ ಕೈ ಸೇರಬೇಕು. ಒಂದು, ನಡತೆಯ ಬಗ್ಗೆ ಸರ್ಕಾರಿ ಅಧಿಕಾರಿಯೊಬ್ಬರದು. ಅದನ್ನು ನಮ್ಮ ಅಮಲ್ದಾರರು ನಿಂತ ಹಾಗೆಯೇ ಬರೆದುಕೊಟ್ಟರು. ಇನ್ನೊಂದು, ಸಂಸ್ಕೃತವನ್ನು ಯಾರ ಬಳಿ ಓದಿದೆನೆಂದು ಆ ಗುರುಗಳೇ ಸಹಿ ಮಾಡಿ ಕೊಡುವ ಕಾಗದ. ಶಾಲಾ ಪರೀಕ್ಷೆಯಲ್ಲಿ ನಾನು ಸಂಸ್ಕೃತ ತೆಗೆದುಕೊಂಡವನಲ್ಲವಾದ್ದರಿಂದ ಇದಿಲ್ಲದೆ ಆಗುವುದಿಲ್ಲ ಎಂದಿದ್ದಾರೆ.

ಸಂತೆಯಲ್ಲಿ ನಡೆದದ್ದನ್ನು ನಾನಾಗಿ ಮತ್ತೆ ಎತ್ತುವುದಿಲ್ಲ. ಎರಡು ಸಾಲು ಸಾಕು. ಇವನು ನನ್ನ ಬಳಿ ಓದಿದ ಎಂಬುದಷ್ಟೇ.

ವಿದ್ಯಾರ್ಥೀ ಸೂರಪ್ಪಃ


ಚಳ್ಳಕೆರೆ
೧೫ ಏಪ್ರಿಲ್ ೧೯೧೨

ಚಿ. ಸೂರಪ್ಪನಿಗೆ ಆಶೀರ್ವಾದಗಳು.

ಕೇಳಿದ ಪ್ರಮಾಣಪತ್ರವನ್ನು ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ನನ್ನ ಕಷ್ಟ ನಿನಗೆ ಗೊತ್ತಿದೆ. ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ. ಬುದ್ಧಿವಂತನಿದ್ದೀಯ, ಇದರಲ್ಲೇ ಕೆಲಸ ಮಾಡಿಕೊ.

ಅಹೋಬಲ ಶಾಸ್ತ್ರಿ


ಮೊಳಕಾಲ್ಮೂರು
೨೨ ಏಪ್ರಿಲ್ ೧೯೧೨

ಶಾಸ್ತ್ರಿಗಳಿಗೆ,

ತಮ್ಮ ಪ್ರಮಾಣಪತ್ರವನ್ನು ಹಿಂದಕ್ಕೆ ಕಳುಹಿಸುತ್ತಿದ್ದೇನೆ. ಅದರಲ್ಲಿ ಏನಿದೆಯೆಂದು ತಾವು ಮರೆತಿದ್ದರೆ ಇಲ್ಲಿ ಬರೆಯುತ್ತೇನೆ: "ಮೊಳಕಾಲ್ಮೂರಿನ ಸೂರಪ್ಪನೆಂಬವನು ಸಂಸ್ಕೃತವನ್ನು ತಾನಾಗಿಯೇ ಓದಿಕೊಂಡಿದ್ದಾನೆಂದು ಕೇಳಿರುತ್ತೇನೆ."

ಕೇಳಿರುತ್ತೇನೆ! ಯಾರಿಂದ ಕೇಳಿದಿರಿ? ಸಂತೆಯಲ್ಲಿ ಹೋಗುವವರಿಂದಲೇ? ಹಸುವನ್ನು ಪುಲ್ಲಿಂಗ ಮಾಡಿದಾಗ ತಲೆ ಹಿಡಿದುಕೊಂಡವರು ಯಾರು? ವಾರವಾರ ನನ್ನ ಪುಟವನ್ನು ಕೆಂಪು ಮಾಡಿದವರು ಯಾರು? ಇಗ್ನಿಸ್ ಎಂದಾಗ ಹುಡುಗನಂತೆ ಕುಣಿದವರು ಯಾರು? ಗುರುಶಿಷ್ಯೌ ಎಂಬ ದ್ವಿವಚನ 'ಉದಾಹರಣೆಗೆ' ಮಾತ್ರ ಎಂದು ತಾವು ಅಂದೇ ಎಚ್ಚರಿಸಿದ್ದಿರಿ. ಆ ಎಚ್ಚರಿಕೆ ಇಂದಿಗೆ ಅರ್ಥವಾಯಿತು.

ತಮ್ಮ ಮಾತಿಗೆ ಜಗುಲಿಯವರೆಲ್ಲ ನಕ್ಕ ದಿನ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಅಂದು ತಾವು ನನಗೆ ಯಾರೂ ಅಲ್ಲ. ಕಲಿಸಲಾರೆ ಎಂದವರ ಮೇಲೆ ಸಿಟ್ಟು ಬಂದು ಹೋಗುತ್ತದೆ. ಕಲಿಸಿ, ಕಲಿಸಲಿಲ್ಲ ಎನ್ನುವವರನ್ನು ಏನು ಮಾಡಬೇಕು?

ತಮ್ಮ ಮನೆಯಿಂದ ಬಂದ ಹಾಳೆಗಳೆಲ್ಲ ನನ್ನ ಪೆಟ್ಟಿಗೆಯಲ್ಲಿವೆ. ಅವನ್ನೇ ಕೇಂಬ್ರಿಡ್ಜಿಗೆ ಕಳುಹಿಸಿ, ನೋಡಿರಿ ಇವರೇ ನನ್ನ ಗುರು ಎನ್ನಬಹುದು. ಚಳ್ಳಕೆರೆಯ ಸಂತೆಯಲ್ಲಿ ಹಿಡಿದು ತೋರಿಸಲೂಬಹುದು. ತೋರಿಸುವುದಿಲ್ಲ. ನಿಜ ತಮ್ಮ ಬಾಯಿಂದ ಬರುವುದಾದರೆ ಬರಲಿ, ಇಲ್ಲದಿದ್ದರೆ ಬೇಡ. ಗುರು ಬಚ್ಚಿಟ್ಟ ಶಿಷ್ಯನಾಗಿ ನಾನು ಸಮುದ್ರ ದಾಟುವುದಿಲ್ಲ. ಇಲ್ಲೇ ಮೊಳಕಾಲ್ಮೂರಿನಲ್ಲಿ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಂಡಿರುತ್ತೇನೆ.

ಸೂರಪ್ಪ


ಚಳ್ಳಕೆರೆ
೨೦ ಮೇ ೧೯೧೨

ಸೂರಪ್ಪನವರಿಗೆ,

ನಾನು ಜಗದಾಂಬ, ಶಾಸ್ತ್ರಿಗಳ ಮಗಳು. ನಾನು ನಿಮಗೆ ನನ್ನ ಹೆಸರಿನಲ್ಲಿ ಬರೆಯುವುದು ಸರಿಯಲ್ಲವೆಂದು ಬಲ್ಲೆ. ತಿಂಗಳಾದರೂ ಉತ್ತರ ಬಾರದಿರುವುದಕ್ಕೆ ಕಾರಣ ನಾನೇ ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಕಾಗದವನ್ನು ಓದಿ ಹೇಳಿದಾಗ ಅಪ್ಪ ಅದನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ಬರಿ. ಚಿರಂಜೀವಿ ಸೂರಪ್ಪನಿಗೆ, ನಿನ್ನ ಉದ್ಧಟತನ..." ಎಂದು ಶುರು ಮಾಡಿದರು.

"ಬರೆಯುವುದಿಲ್ಲ ಅಪ್ಪ" ಎಂದೆ.

"ಏನಂದೆ?"

"ಆ ಪ್ರಮಾಣಪತ್ರವನ್ನೂ ಬರೆಯಬಾರದಿತ್ತು. ನಿಜ ಹೇಳುವುದಾದರೆ ಬರೆಯುತ್ತೇನೆ. ಇಲ್ಲದಿದ್ದರೆ ಬೇರೆ ಯಾರ ಕೈಯಲ್ಲಾದರೂ ಬರೆಸಿಕೊಳ್ಳಿ."

"ಬೇರೆ ಯಾರ ಹತ್ತಿರ ಬರೆಸಲಿ? ಊರಿಗೆಲ್ಲ ಗೊತ್ತಾಗುವುದಿಲ್ಲವೇ?"

"ಆಗಲಿ" ಎಂದೆ.

ಆ ದಿನದಿಂದ ನಾನು ಅವರಿಗಾಗಿ ಏನನ್ನೂ ಬರೆದಿಲ್ಲ, ಓದಿಲ್ಲ. ಅಡಿಗೆ ಮಾಡಿ ಬಡಿಸುತ್ತೇನೆ. ಅವರು ಉಂಡು ಎದ್ದು ಹೋಗುತ್ತಾರೆ.

ನೀವು ಜಗುಲಿಯ ಕೆಳಗೆ ನಿಂತ ದಿನ ನಾನು ಬಾಗಿಲ ಹಿಂದೆ ಇದ್ದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ನಾನು. ನನಗೂ ಅಪ್ಪ ಪಾಠ ಹೇಳಲಿಲ್ಲ. ಅವರು ಹುಡುಗರಿಗೆ ಹೇಳುವಾಗ ನಡುಮನೆಯಲ್ಲಿ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡೆ. ಕಣ್ಣು ಮಂಜಾಗಿ ಅವರಿಗೆ ಓದುವವರು ಬೇಕಾದಾಗಲೇ ನನಗೆ ಸಂಸ್ಕೃತ ಬರುತ್ತದೆಂದು ಅವರಿಗೆ ತಿಳಿದದ್ದು. ಆಗಲೂ ಶಿಷ್ಯೆ ಎನ್ನಲಿಲ್ಲ. ಬಂದವರಿಗೆ "ಇವಳು ನನ್ನ ಕೈ" ಎನ್ನುತ್ತಾರೆ. ನಿಮ್ಮ ಕೆಲವು ಪುಟಗಳನ್ನು, ಅವರು ಮಲಗಿದ್ದಾಗ, ನಾನೇ ತಿದ್ದಿದ್ದೇನೆ. ನಿಮ್ಮ ಸಿಟ್ಟು ನನಗೆ ಹೊಸದಲ್ಲ. ಅದನ್ನು ಕಾಗದದ ಮೇಲೆ ಬರೆಯಬಹುದೆಂಬುದು ಮಾತ್ರ ಹೊಸದು.

ನೀವು ಹೋಗುವುದಿಲ್ಲ ಎನ್ನಬೇಡಿ. ಸ್ವಲ್ಪ ತಾಳಿ.

ಜಗದಾಂಬ


ಚಳ್ಳಕೆರೆ
೧೦ ಜೂನ್ ೧೯೧೨

ಸೂರಪ್ಪ,

ಸುಳ್ಳನ್ನು ಜಗದಾಂಬಳ ಕೈಯಲ್ಲಿ ಬರೆಸಿದೆ, ನಿಜವನ್ನು ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ಸಾಲು ಎಲ್ಲಿಗೆ ಹೋಗುತ್ತಿದೆಯೋ ಕಾಣದು. ಅಕ್ಷರ ದೊಡ್ಡದು ಮಾಡಿದ್ದೇನೆ, ಓದಿಕೊ.

ಒಳಗಿರುವ ಪ್ರಮಾಣಪತ್ರವೂ ನನ್ನ ಕೈಯದೇ. "ಕೊಂಡ್ಲಹಳ್ಳಿಯ ದೊಡ್ಡಪಾಲಯ್ಯನ ಮಗ ಸೂರಪ್ಪ ನನ್ನ ಶಿಷ್ಯ. ಒಂದು ವರ್ಷ ನನ್ನ ಬಳಿ ಸಂಸ್ಕೃತ ಓದಿದ್ದಾನೆ. ನಾನು ಪಾಠ ಹೇಳಿದವರಲ್ಲಿ ಇವನಿಗೆ ಸಮನಾದವರು ಕಡಮೆ." ಇಷ್ಟೇ ಬರೆದೆ. ಇಂಗ್ಲಿಷಿಗೆ ತಿರುಗಿಸಿ ಅಮಲ್ದಾರರ ಮೊಹರು ಹಾಕಿಸಿಕೊ.

ಬಚ್ಚಿಟ್ಟು ಕಳುಹಿಸಬಾರದೆಂದು ಶಾನುಭೋಗರನ್ನೂ ಹುಡುಗರ ತಂದೆಯರನ್ನೂ ಮನೆಗೆ ಕರೆಸಿದೆ. ಜಗದಾಂಬಳಿಗೆ, "ಗಟ್ಟಿಯಾಗಿ ಓದು" ಎಂದೆ. ಅವಳು ಜಗುಲಿಗೆ ಬಂದು ನಿಂತು ಓದಿದಳು. ಅವಳು ಜಗುಲಿಗೆ ಬಂದದ್ದೇ ಅವರಿಗೆ ದೊಡ್ಡ ತಪ್ಪಾಗಿ ಕಂಡಿತು. ಆಮೇಲೆ ಓದಿದ್ದರ ಅರ್ಥ ಹೊಳೆಯಿತು.

ಶಾನುಭೋಗರು, "ಶಾಸ್ತ್ರಿಗಳೇ, ನಿಮ್ಮ ಕಣ್ಣು ಮಾತ್ರ ಹೋಗಿದೆ ಅಂತಿದ್ವಿ" ಎಂದರು.

"ಕಣ್ಣು ಹೋದ ಮೇಲೆ ಸಿಕ್ಕ ಶಿಷ್ಯ ಇವನು. ಇದ್ದಾಗ ಸಿಕ್ಕವರು ನೀವು ಕಳಿಸಿದವರು" ಎಂದೆ. ಈ ಮಾತು ಬೇಡವಾಗಿತ್ತು. ಆದರೆ ನಿನ್ನ ಸಿಟ್ಟು ಕೇಳಿ ಕೇಳಿ ನನಗೂ ಅಂಟಿದೆ. ನಲವತ್ತು ವರ್ಷ ಅವರ ಮಕ್ಕಳಿಗೆ ಪಾಠ ಹೇಳಿದೆ. ಒಂದು ಸಹಿಗೆ ನನ್ನ ಎದುರಿಗೇ ಎದ್ದು ಹೋದರು, ಒಬ್ಬರೂ ಹೇಳಿ ಹೋಗಲಿಲ್ಲ.

ಹಡಗು ಹತ್ತುವ ಮೊದಲು ಒಂದು ಸಲ ಬಾ. ಜಗುಲಿಯ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಒಂದು ಪಾಠ ಮುಗಿಸಿಕೊಂಡು ಹೋಗು.

ಅಹೋಬಲ ಶಾಸ್ತ್ರಿ


ಮೊಳಕಾಲ್ಮೂರು
೧೫ ಜುಲೈ ೧೯೧೨

ಪೂಜ್ಯ ಗುರುಗಳಿಗೆ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಸಹಿ ಕೇಂಬ್ರಿಡ್ಜ್ ತಲುಪಿದೆ. ನನ್ನ ಜಾಗ ಖಾಯಮಾಗಿದೆಯೆಂದು ನೆನ್ನೆ ತಂತಿ ಬಂತು. ತಮ್ಮ ಕೈಬರಹದ ಆ ಕಾಗದವನ್ನು ಕಳುಹಿಸುವ ಮೊದಲು ಕೊಂಡ್ಲಹಳ್ಳಿಗೆ ಒಯ್ದು ಅಪ್ಪನಿಗೆ ಓದಿದೆ. ತನ್ನ ಹೆಸರು ಬಂದ ಕಡೆ ಅಪ್ಪ ಬೆರಳಿಟ್ಟು, "ಇದು ನಾನಾ?" ಎಂದು ಕೇಳಿದ. ಅವ್ವ ಒಲೆ ಬಿಟ್ಟು ಎದ್ದು ಬಂದಳು.

ಜಗುಲಿಗೆ ಬಾ ಎಂದಿದ್ದೀರಿ. ನಾನು ಬರುವುದಿಲ್ಲ.

ಕೃತಜ್ಞತೆ ಇಲ್ಲವೆಂದು ತಿಳಿಯಬೇಡಿ. ತಾವು ಕೊಟ್ಟ ಬೆಲೆ ಎಷ್ಟೆಂದು ಚಿನ್ನಕ್ಕ ಕಾಗದ ಬರೆಸಿ ತಿಳಿಸಿದ್ದಾಳೆ. ಪಾಠಶಾಲೆ ಖಾಲಿಯಾಗಿದೆಯಂತೆ. ಆದರೆ ಈಗ ನಾನು ಬಂದು ಕುಳಿತರೆ ಊರಿನವರು ಏನೆನ್ನುತ್ತಾರೆ ಬಲ್ಲಿರಾ? "ಸೀಮೆಗೆ ಹೋಗೋನಂತೆ, ಕುಂಡ್ರಿಸಿಕೊಂಡವ್ರೆ" ಎನ್ನುತ್ತಾರೆ. ಆ ಮರ್ಯಾದೆ ಕೇಂಬ್ರಿಡ್ಜಿಗೆ ಸಲ್ಲುತ್ತದೆ. ಕೇಂಬ್ರಿಡ್ಜ್ ಹೆಸರೇ ಕೇಳದ ನಾಯಕರ ಮಕ್ಕಳು ಆಗಲೂ ಕೆಳಗೇ ನಿಂತಿರುತ್ತಾರೆ. ನನ್ನ ಸಿಟ್ಟು ನನ್ನೊಬ್ಬನ ಜಾಗ ಖಾಯಮಾದ ಮಾತ್ರಕ್ಕೆ ಇಳಿಯುವಂಥದಲ್ಲ. ಇಳಿಯಬಾರದೆಂದೇ ಅದನ್ನು ಜೊತೆಗೆ ಒಯ್ಯುತ್ತಿದ್ದೇನೆ.

ಚಿನ್ನಕ್ಕನ ಮಗ ಹುಲಿಯಪ್ಪ ಓದಲು ಆಸೆಪಡುತ್ತಾನೆ. ಅವನಿಗಿಂತ ಮಗಳು ಬೋರಕ್ಕ ಚುರುಕು. ಇಬ್ಬರೂ ತಮ್ಮ ಮನೆಯಿಂದ ಕೂಗಳತೆಯಲ್ಲಿದ್ದಾರೆ. ಇದುವರೆಗೆ ಆ ಬೀದಿಗೆ ಕಾಲಿಟ್ಟಿಲ್ಲ. ಅವರನ್ನು ಕೂರಿಸಿಕೊಳ್ಳಿ. ಪಾಠ ಹೇಳುವವರು ಜಗದಾಂಬಮ್ಮನವರೂ ಆಗಬಹುದು. ನನ್ನ ಪುಟಗಳಲ್ಲಿ ಅವರು ತಿದ್ದಿದ್ದು ಯಾವುದು, ತಾವು ತಿದ್ದಿದ್ದು ಯಾವುದು ಎಂದು ನನಗೆ ಇಂದಿಗೂ ಬೇರೆ ಮಾಡಲು ಬಂದಿಲ್ಲ.

ಆ ಮಕ್ಕಳು ಕುಳಿತರೆಂದು ಕಾಗದ ಬರಲಿ. ಓದು ಮುಗಿಸಿ ಬಂದ ದಿನ ಬೊಂಬಾಯಿಯಿಂದ ನೇರವಾಗಿ ತಮ್ಮ ಜಗುಲಿಗೇ ಬರುತ್ತೇನೆ.

ವಿದ್ಯಾರ್ಥೀ ಸೂರಪ್ಪಃ


ಚಳ್ಳಕೆರೆ
೨೪ ಜುಲೈ ೧೯೧೨

ಚಿ. ಸೂರಪ್ಪನಿಗೆ ಅನೇಕ ಆಶೀರ್ವಾದಗಳು.

ಇದನ್ನು ಜಗದಾಂಬ ಬರೆಯುತ್ತಿದ್ದಾಳೆ. ಈಗ ಮತ್ತೆ ಬರೆಯುತ್ತಾಳೆ.

ನೀನು ಹೇಳಿದ್ದು ಸರಿ. ಹೋಗಿ ಬಾ. ಪರೀಕ್ಷೆಯಲ್ಲಿ ಕಾಣದ ಪುಟವನ್ನು ಮುಂದಿಟ್ಟರೆ ಹೆದರಬೇಡ. ಮೊದಲು ಕ್ರಿಯಾಪದವನ್ನು ಹುಡುಕು.

ಹುಲಿಯಪ್ಪನನ್ನೂ ಬೋರಕ್ಕನನ್ನೂ ಬರುವ ಸೋಮವಾರ ಬೆಳಿಗ್ಗೆ ಕಳುಹಿಸಲು ನಿನ್ನ ಅಕ್ಕನಿಗೆ ಹೇಳು. ಬೋರಕ್ಕನಿಗೆ ಜಗದಾಂಬ ಹೇಳಿಕೊಡುತ್ತಾಳೆ. ಇಬ್ಬರೂ ಮುಂಬಾಗಿಲಿನಿಂದಲೇ ಬರಲಿ.

ನಮ್ಮ ಬೀದಿಯ ಬಾವಿಗೆ ನಮ್ಮನ್ನು ಬಿಡುತ್ತಿಲ್ಲ. ಮೊನ್ನೆ ಜಗದಾಂಬ ಹೋದಾಗ ಹಗ್ಗವನ್ನು ಕೈಯಿಂದ ಕಿತ್ತುಕೊಂಡರು. ಮಕ್ಕಳು ಬರುವಾಗ ನಿಮ್ಮ ಕೇರಿಯ ಬಾವಿಯಿಂದ ಒಂದು ಕೊಡ ನೀರು ತರಲಿ. ಕುಡಿಯುವುದಕ್ಕೆ.

ಅಹೋಬಲ ಶಾಸ್ತ್ರಿ
ಜಗದಾಂಬ